ರೇಡಿಯೇಟರ್ ಮೇಲಿನ ಶೇಂಗಾ

ಈ ಚಳಿಗೆ ಇವತ್ತೇ ಮೊದಲು ಹೀಟಿಂಗ್ ಹಾಕಿದ್ದು. ರೇಡಿಯೇಟರ್ ಬೆಚ್ಚಗಾಗುತ್ತಿದ್ದಂತೆ ಎಲ್ಲಿಂದಲೋ ಒದ್ದೆ ಶೇಂಗಾದ ಘಮ ಬಂದಂತಾಯಿತು.

ನನ್ನ ಸಣ್ಣ ವಯಸ್ಸಿನಲ್ಲಿ ಲಂಡನ್ನಿನ ಹೌನ್ಸ್ಲೋದ ಪುಟ್ಟ ಫ್ಲ್ಯಾಟಿನಲ್ಲಿದ್ದೆವು. ಅಪ್ಪನ ಕೆಲಸ ಹೋಗಿತ್ತು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಆದರೂ, "ಶೇಂಗಾ ತುಟ್ಟಿ, ಇನ್ನ ಹಿಂಡಿ ಬ್ಯಾಡ ಬಿಡು" ಅಂದುಬಿಟ್ಟ. ಅವ್ವ ನನ್ನ ಕೈ ಹಿಡಿದು, ಏನು ಕೊಂಡರೂ ಒಂದೇ ಪೌಂಡಿನ ಪೌಂಡ್ ಶಾಪಿಗೆ ನಡೆದಳು. ಅಲ್ಲಿದ್ದದ್ದು ಬಿಯರ್ ಜೊತೆ ತಿನ್ನುವ ಉಪ್ಪು ಶೇಂಗಾ ಮಾತ್ರ. ತಂದು ಅಕ್ಕಿಯಂತೆ ತೊಳೆದಳು. ತಟ್ಟೆಗೆ ಹಳೇ ಇಳಕಲ್ ಸೀರೆಯ ತುಂಡು ಹಾಸಿ, ಹರವಿ, ರೇಡಿಯೇಟರ್ ಮೇಲಿಟ್ಟಳು. ಕಿಟಕಿಯ ಗಾಜೆಲ್ಲ ಮಬ್ಬಾಯಿತು. ಇಡೀ ಮಧ್ಯಾಹ್ನ ಮನೆ ಆ ಘಮದಲ್ಲಿ ತೂಕಡಿಸಿತು.

ಆಮೇಲೆ ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದಳು.

"ತೊಳದು ಮತ್ತ ಉಪ್ಪು ಯಾಕ ಹಾಕ್ತಿಯವ್ವಾ?"

"ಅದು ಅಂಗಡಿಯವರ ಕೈಯಿಂದು. ಇದು ನನ್ನ ಕೈಯಿಂದು."

ಊಟಕ್ಕೆ ಕೂತ ಅಪ್ಪ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಊರಿಂದ ಯಾರ ಬಂದಿದ್ರು?" ಅಂದ. ಅವ್ವ ನನ್ನತ್ತ ನೋಡಿ ತುಟಿಗೆ ಬೆರಳಿಟ್ಟಳು.

ಇವತ್ತು ಸಂಜೆ ನಾನು ಅಂಗಡಿಗೆ ಹೋಗಿದ್ದೆ. ಉಪ್ಪಿಲ್ಲದ ಶೇಂಗಾ ಕಣ್ಣೆದುರೇ ಇತ್ತು. ಕೈ ಮಾತ್ರ ಉಪ್ಪು ಶೇಂಗಾದ ಪ್ಯಾಕೆಟ್ಟಿಗೇ ಹೋಯಿತು. ಅವ್ವನಂತೆ ತೊಳೆಯಬೇಕಿತ್ತು ನನಗೆ.