ಪಾಲಮ್ಮನ ಭಾನುವಾರದ ಹಲಗೆ

ಕ್ಷಮೆಯ ಕಥೆ ಬೇಕಾದವರು ಇದನ್ನು ಓದುವುದು ಬೇಡ. ಪಾಲಮ್ಮ ತನ್ನ ಹಗೆಯವನನ್ನು ಕ್ಷಮಿಸಲಿಲ್ಲ, ಆದರೆ ಒಂದು ಭಾನುವಾರವೂ ದೇವರ ಪ್ರಾರ್ಥನೆ ತಪ್ಪಿಸಲಿಲ್ಲ. ಎರಡೂ ಒಂದೇ ಎದೆಯಲ್ಲಿ ಹೇಗೆ ಇದ್ದವು ಎಂದು ನನ್ನನ್ನು ಕೇಳಬೇಡಿ. ಇದ್ದವು, ಅಷ್ಟೇ.

ಆಗ ಮದ್ರಾಸಿನವರ ಆಡಳಿತ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ರಾಯದುರ್ಗದ ಕೋಟೆಗುಡ್ಡ ಕಾಣುವಷ್ಟು ಹತ್ತಿರದ ಒಂದು ಹಳ್ಳಿಗೆ ಪಾಲಮ್ಮ ಮಡಕಶಿರದ ಕಡೆಯ ಅಗಳಿಯಿಂದ ಸೊಸೆಯಾಗಿ ಬಂದಿದ್ದಳು. ಗಂಡ ಬೊಮ್ಮಪ್ಪ ಊರಿನ ಹಲಗೆಯವನು. ಯಾರ ಮನೆಯಲ್ಲಿ ಸಾವಾದರೂ ಅವನ ಹಲಗೆ ಮುಂದೆ, ಹೆಣ ಹಿಂದೆ. ಬಾರಿಸುವ ಮುನ್ನ ಹುಲ್ಲಿನ ಉರಿ ಹಾಕಿ ಹಲಗೆಯ ಚರ್ಮ ಕಾಯಿಸಿಕೊಡುವುದು ಪಾಲಮ್ಮನ ಕೆಲಸ.

ರಾಯದುರ್ಗದಿಂದ ಬರುತ್ತಿದ್ದ ಉಪದೇಶಿ ಸಮಾಧಾನಪ್ಪನ ಮಾತು ಕೇಳಿ ಗಂಡಹೆಂಡತಿ ಇಬ್ಬರೂ ಕ್ರೈಸ್ತರಾದರು. ಆ ವರ್ಷ ಊರಮ್ಮನ ಪೂಜೆಗೆ ಹಲಗೆ ಬಾರಿಸಲು ಕರೆ ಬಂದಾಗ ಬೊಮ್ಮಪ್ಪ ಕೈಮುಗಿದು, "ಸತ್ತೋರಿಗೆ ಬಾರಿಸ್ತೀನ್ರಿ, ಅದು ನನ್ನ ಋಣ. ಪೂಜಿಗೆ ಮಾತ್ರ ಕರೀಬ್ಯಾಡ್ರಿ" ಅಂದ. ದೇವಿಗೆ ಸಿಟ್ಟು ಬಂತೋ ಇಲ್ಲವೋ, ಊರ ಗೌಡ ಗಾದಿಲಿಂಗಪ್ಪನಿಗೆ ಬಂತು. ಬೊಮ್ಮಪ್ಪನನ್ನು ಬೇವಿನ ಮರದಡಿ ನಿಲ್ಲಿಸಿ ಆಳುಗಳ ಕೈಲಿ ಹಗ್ಗದಿಂದ ಹೊಡೆಸಿದ. ವಾರ ಕಳೆಯುವುದರೊಳಗೆ ಬೊಮ್ಮಪ್ಪ ಸತ್ತ. ಸಾಕ್ಷಿ ಹೇಳುವ ಬಾಯಿ ಊರಲ್ಲಿ ಒಂದೂ ಇರಲಿಲ್ಲ. ಅವನ ಹೆಣಕ್ಕೆ ಯಾರೂ ಹಲಗೆ ಮುಟ್ಟಕೂಡದೆಂದು ಗೌಡ ಕೇರಿಗೆ ಹೇಳಿಕಳಿಸಿದ್ದ. ಊರಿನ ಹೆಣಗಳನ್ನೆಲ್ಲ ಸಾಗಿಸಿದವನು ತಾನು ಮಾತ್ರ ಸದ್ದಿಲ್ಲದೆ ಮಣ್ಣಿಗೆ ಹೋದ. ಆ ಸಂಕಟಕ್ಕೆ ಪಾಲಮ್ಮನ ಹೊಟ್ಟೆಯಲ್ಲಿದ್ದ ಕೂಸೂ ನಿಲ್ಲಲಿಲ್ಲ. ಕೂಲಿಗೆ ಕರೆಯುವವರೂ ಇಲ್ಲದಂತಾಯಿತು.

ಉಪದೇಶಿ ಬಂದು ಪಕ್ಕದಲ್ಲಿ ಕೂತು, "ಕಷ್ಟದಾಗೂ ದೇವರ ಸ್ತುತಿ ಬಿಡಬಾರದು, ತಾಯಿ" ಅಂದ.

"ಬಿಡಾಕಿಲ್ಲ ಅಯ್ನೋರೆ," ಅಂದಳು ಪಾಲಮ್ಮ. "ದೇವ್ರನ್ನೂ ಬಿಡಾಕಿಲ್ಲ, ಆ ಗೌಡನ್ನೂ ಬಿಡಾಕಿಲ್ಲ."

ಮುಂದಿನ ಭಾನುವಾರ, ಉಪದೇಶಿ ಕೇರಿಯಲ್ಲಿ ಹಾಕಿಸಿದ್ದ ಪ್ರಾರ್ಥನೆಯ ಗುಡಿಸಲಿಗೆ ಅವಳು ಗಂಡನ ಹಲಗೆ ಹೊತ್ತು ಬಂದಳು. ಹೆಂಗಸು ಹಲಗೆ ಬಾರಿಸಿದ್ದನ್ನು ಆ ಊರು ಕಂಡಿರಲಿಲ್ಲ. ಉಪದೇಶಿ ಹಾಡು ಎತ್ತಿದ ಕೂಡಲೇ ಅವಳು ಬಾರಿಸತೊಡಗಿದಳು. ಅದು ಹೆಣ ಎತ್ತುವಾಗಿನ ಬಡಿತ.

"ಇದು ದೇವರ ಮನಿ, ತಾಯಿ. ಸಾವಿನ ಬಡಿತ ಯಾಕ?" ಎಂದ ಉಪದೇಶಿ.

"ಸತ್ಯವೇದದಾಗೆ ಒಬ್ಬ ಅರಸ, ನನ್ನ ಹಗೆಯೋರ ಹಲ್ಲು ಮುರಿಯಪ್ಪ ಅಂತ ದೇವ್ರನ್ನ ಕೇಳ್ಕಂಡಿದ್ದ ಅಂತ ನೀವೇ ಓದಿದ್ರಿ. ಅವನು ಹಾಡಿ ಕೇಳ್ದ. ನಂಗೆ ಹಾಡಾಕೆ ಬರಾಕಿಲ್ಲ."

ಉಪದೇಶಿ ನಿಂತ ಹಾಡನ್ನು ಆ ಬಡಿತಕ್ಕೇ ಮತ್ತೆ ಎತ್ತಿದ. ನನ್ನನ್ನು ಕೇಳಿದರೆ, ಎತ್ತಿದ್ದೇ ಒಳ್ಳೆಯದಾಯಿತು.

ಸದ್ದು ನೇರ ಗೌಡನ ಮನೆಗೆ ಹೋಗುತ್ತಿತ್ತು. ಅಲ್ಲಿ ಪಡಸಾಲೆಯಲ್ಲಿ ಗೌಡನ ತಾಯಿ, ಕಣ್ಣು ಕಾಣದ ಉಜ್ಜಿನಮ್ಮ ಕೂತಿರುತ್ತಿದ್ದಳು. "ಯಾರು ಸತ್ರೋ?" ಎಂದು ಕೇಳುತ್ತಿದ್ದಳು. "ಯಾರೂ ಇಲ್ಲಬೇ," ಅನ್ನುತ್ತಿದ್ದ ಗೌಡ. ಮರುವಾರ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಬರಬರುತ್ತ ಭಾನುವಾರ ಅಂದರೆ ಗೌಡನಿಗೆ ಅನ್ನ ಸೇರದಾಯಿತು.

ಹಲಗೆ ಕಸಿದು ತರಲು ಆಳುಗಳನ್ನು ಅಟ್ಟಿದ. ಪ್ರಾರ್ಥನೆಯ ಗುಡಿಸಲಿಗೆ ಬೆಂಕಿ ಇಟ್ಟರೆ ಉಪದೇಶಿಯನ್ನು ಕಳಿಸುತ್ತಿದ್ದ ರಾಯದುರ್ಗದ ಬಿಳಿಯ ಪಾದ್ರಿ ದೊರೆ ಕಲೆಕ್ಟರಿಗೆ ಹೇಳಿಯಾನೆಂಬ ಹೆದರಿಕೆ ಇತ್ತು. ಹಾಗಾಗಿ ಕಸಿಯುವುದೊಂದೇ ದಾರಿ. ಆಳುಗಳು ಬಾಗಿಲ ತನಕ ಬಂದು ನಿಂತುಬಿಟ್ಟರು. ಬೊಮ್ಮಪ್ಪನನ್ನು ಹೊಡೆಯಲು ದೂರದಿಂದ ಬೀಸುವ ಹಗ್ಗವಿತ್ತು. ಹಲಗೆಯನ್ನು ಕೈಯಿಂದಲೇ ಮುಟ್ಟಬೇಕು, ಅದು ಸತ್ತ ದನದ ಚರ್ಮ. ಪಾಲಮ್ಮ ಅದನ್ನು ಮುಂದಕ್ಕೆ ಚಾಚಿ, "ತಗಳ್ರಪ್ಪ" ಅಂದಳು. ಎಲ್ಲರೂ ಹಿಂದೆ ಸರಿದರು. ಒಬ್ಬನನ್ನು ಕೊಂದ ಕೈಗಳಿಗೆ ಮೈಲಿಗೆಯ ಭಯ. ಅಂಥ ಮಡಿಗೆ ಬೆಂಕಿ ಬೀಳಲಿ.

ಚಳಿಗಾಲದಲ್ಲಿ ಉಜ್ಜಿನಮ್ಮ ಸತ್ತಳು. ಕಲ್ಯಾಣದುರ್ಗ, ಬಳ್ಳಾರಿಗಳಿಂದ ನೆಂಟರು ಬಂದು ಮನೆ ತುಂಬಿತು. ಹಲಗೆಯಿಲ್ಲದೆ ಗೌಡರ ಮನೆಯ ಹೆಣ ಹೊಸ್ತಿಲು ದಾಟುವಂತಿಲ್ಲ. ಕರೆಯಲು ಹೋದ ಆಳಿಗೆ ಕೇರಿಯ ಹಲಗೆಯವರು, "ಹಲಗಿ ಈಗ ಪಾಲಮ್ಮಂದ್ರಿ. ಆಕೀನ ಕೇಳ್ರಿ" ಎಂದು ಬಾಗಿಲು ಹಾಕಿಕೊಂಡರು. ಜೊತೆಗಾರನ ಹೆಣಕ್ಕೆ ಬಾರಿಸದೆ ಸುಮ್ಮನಿದ್ದ ನಾಚಿಕೆ ಅವರನ್ನೂ ಒಳಗೊಳಗೇ ತಿನ್ನುತ್ತಿತ್ತು.

ಕೊನೆಗೆ ಗೌಡನೇ ಬಂದ. ಬಂದು ಪಾಲಮ್ಮನ ಗುಡಿಸಲಿನಿಂದ ದೂರ, ಜಾಲಿ ಮರದ ಹತ್ತಿರ ನಿಂತ.

"ಏ ಪಾಲಿ, ಅವ್ವನ್ನ ಎತ್ತಬೇಕು. ಹೊತ್ತು ಮುಳುಗಾಕ ಬಂತು. ಬಂದು ಬಾರಿಸು."

"ನಮ್ಮೋರಿಗೆ ಯಾರು ಬಾರ್ಸಿದ್ರು ಗೌಡ್ರೆ?"

ಗೌಡ ಮುಳುಗುತ್ತಿದ್ದ ಹೊತ್ತಿನ ಕಡೆ ನೋಡಿದ.

"ಮೊದ್ಲು ಅವರ್ದು ಆಗ್ಲಿ," ಅಂದಳು ಪಾಲಮ್ಮ. "ನಾನು ಬಾರಿಸ್ಕಂಡು ಮುಂದೆ ಹೋಗ್ತೀನಿ, ನೀವು ಹಿಂದೆ ಬನ್ನಿ. ಗುಂಡಿ ತಾವ ನಿಂತು ಅವರ ಹೆಸರಿಡಿದು ಕರೆದು, ಒಂದಿಡಿ ಮಣ್ಣಾಕಿ. ಆಮೇಲೆ ನಿಮ್ಮವ್ವಂಗೆ ಬಾರಿಸ್ತೀನಿ."

ಗೌಡನ ಮುಖ ಕಪ್ಪಿಟ್ಟಿತು. ಆದರೆ ಮನೆಯಲ್ಲಿ ಹೆಣ, ಅಂಗಳದಲ್ಲಿ ನೆಂಟರು. ಹಲ್ಲು ಕಚ್ಚಿಕೊಂಡು, "ಆತು" ಅಂದ. ಹೊರಟವನು ತಿರುಗಿ, "ಅವನ ಹೆಸರೇನು?" ಎಂದು ಕೇಳಿದ.

ಇದನ್ನು ಪಾಲಮ್ಮ ಕೂಡ ಎಣಿಸಿರಲಿಲ್ಲ. ಕೊಂದವನಿಗೆ ಸತ್ತವನ ಹೆಸರೇ ಗೊತ್ತಿಲ್ಲ. ಇಷ್ಟು ವರ್ಷ 'ಏ ಹಲಗೆಯವನೇ' ಎಂದು ಕೂಗಿದ್ದೇ ಆಗಿತ್ತು.

"ಗಂಡನ ಹೆಸರು ಹೆಂಡ್ತಿ ಹೇಳೋದುಂಟಾ ಗೌಡ್ರೆ? ಕೇರಿಯಾಗೆ ಕೇಳ್ಕಂಡು ಬನ್ನಿ."

ಗೌಡ ಕೇರಿಯ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ. ಹುಟ್ಟಿದಾಗಿನಿಂದ ಆ ಓಣಿಗೆ ಕಾಲಿಟ್ಟವನಲ್ಲ. ಒಂದು ಗುಡಿಸಲಿನಲ್ಲಿ ಕೆಮ್ಮು ಕೇಳಿಸಿತು, ಇನ್ನೊಂದರಲ್ಲಿ ಅದೂ ಇಲ್ಲ. ಕೊನೆಯ ಗುಡಿಸಲಿನ ಮುದುಕಿ ಸುಂಕಮ್ಮ ಹೊರಗೆ ಬಂದಳು.

"ಬೊಮ್ಮಪ್ಪ ಅಂತ್ರಿ," ಅಂದಳು. "ನಿಮ್ಮಪ್ಪ ಸತ್ತಾಗ ಬೆಳತನಕ ಬಾರಿಸಿದಾವ ಅವನೇ. ಬೆರಳಾಗ ರಕ್ತ ಬಂದಿತ್ತು. ನೀವೂ ನೋಡಿದ್ರಿ."

ಪಾಲಮ್ಮ ಹಲಗೆ ಕಾಯಿಸಿಕೊಂಡು ಮುಂದೆ ನಡೆದಳು, ಗೌಡ ಬರಿಗಾಲಲ್ಲಿ ಹಿಂದೆ. ನೆಂಟರು ದಿಬ್ಬ ಹತ್ತಿ ನಿಂತು ನೋಡಿದರು. ಬೊಮ್ಮಪ್ಪನನ್ನು ಹೂತ ಗುಂಡಿಯ ಬಳಿ ಗೌಡ ಹೆಸರು ಹೇಳಿದ.

"ಕೇಳಿಸ್ನಿಲ್ಲ," ಅಂದಳು.

ಮತ್ತೆ ಹೇಳಿದ.

"ಮಣ್ಣಿನಡಿ ಇರೋರಿಗೆ ಕೇಳಿಸ್ಬೇಕು ಗೌಡ್ರೆ."

ಗೌಡ ದನಿ ಎತ್ತಿ ಕೂಗಿದ. ದಿಬ್ಬದ ಮೇಲಿನವರಿಗೂ ಕೇಳಿಸಿತು. ಬಾಗಿ ಮಣ್ಣು ಹಾಕಿದ. ಪಾಲಮ್ಮನಿಗೆ ಸಂತೋಷವಾಯಿತು. ಆಗಬಾರದಿತ್ತು ಅನ್ನುವವರು ಅನ್ನಲಿ, ನನಗಂತೂ ಹೇಳುವಾಗಲೂ ಆಗುತ್ತದೆ. ಮಾತು ಕೊಟ್ಟಂತೆ ಅವಳು ಉಜ್ಜಿನಮ್ಮನಿಗೂ ಬಾರಿಸಿದಳು, ಒಂದೇಟೂ ಕಡಿಮೆ ಮಾಡಲಿಲ್ಲ. ಯಾರು ಸತ್ತರು ಎಂದು ಆ ಮನೆಯಲ್ಲಿ ಕೇಳಿದ್ದು ಆ ಮುದುಕಿಯೊಬ್ಬಳೇ ತಾನೇ.

ಭಾನುವಾರ ಬಂತು. "ಇನ್ನಾದರೂ ಮನಸ್ಸು ತಣ್ಣಗಾತೇನು, ತಾಯಿ?" ಎಂದು ಕೇಳಿದ ಉಪದೇಶಿ. ಪಾಲಮ್ಮ ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸಿದಳು. ಅವನು ಅದು ಕಾಯುವ ತನಕ ತಡೆದು, ಆಮೇಲೆ ಹಾಡು ಎತ್ತಿದ. ಬಡಿತ ಹಳೆಯದೇ.

ಗೌಡ ಉಣ್ಣಲು ಕೂತಿದ್ದ. ಬಡಿಸುತ್ತಿದ್ದ ಹೆಂಡತಿ ನರಸಕ್ಕ ಕಿವಿಗೊಟ್ಟು ಕೇಳಿ, "ಮತ್ತ ಬಾರಿಸಾಕ ಹತ್ಯಾಳಲ್ರಿ. ಇವತ್ತು ಯಾರು ಸತ್ತಾರ?" ಅಂದಳು.

ಗೌಡ ಕೈಯಲ್ಲಿದ್ದ ತುತ್ತನ್ನು ಗಂಗಾಳಕ್ಕೆ ಬಿಟ್ಟ.

"ಬೊಮ್ಮಪ್ಪ," ಅಂದ.