ಕುಂಕುಮ ಹಚ್ಚಬಾರದ ವೈರ್

ಮದುವೆಯಾಗಿ ದಿಗ್ಗೇವಾಡಿಗೆ ಬಂದ ಹೊಸತರಲ್ಲೇ, ಈ ಮನೆಯಲ್ಲಿ ನನ್ನಷ್ಟೇ ಅಂಜುವವರು ಇನ್ನೊಬ್ಬರಿದ್ದಾರೆಂದು ಗೊತ್ತಾಯಿತು. ಅವರು ನನ್ನ ಮಾವ ಭರಮು. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ನನಗೆ ಬಾವಿ ಕಂಡರೆ ಭಯ, ಬೀದಿ ನಾಯಿ ಕಂಡರೆ ಭಯ, ಮಗಳು ಹುಟ್ಟಿದ ಮೇಲೆ ಅವಳು ಸೀನಿದರೂ ಭಯ. ಮಾವ ಅಂಜುತ್ತಿದ್ದುದು ಒಂದಕ್ಕೇ. ಕರೆಂಟಿಗೆ. ಆಯುಷ್ಯವೆಲ್ಲ ಅದರ ಜೊತೆಯಲ್ಲೇ ಕಳೆದವರು!

ಸುತ್ತಲಿನ ಊರುಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುವ ಬ್ಯಾಂಜೋ ಪಾರ್ಟಿಗೆ ಅವರು ವೈರ್‌ಮನ್. ಯಾರದೋ ಮನೆಯ ಮೀಟರಿನಿಂದಲೋ ಜನರೇಟರಿನಿಂದಲೋ ವೇದಿಕೆಯವರೆಗೆ ಕರೆಂಟು ಎಳೆದು ತರುವುದು ಅವರ ಕೆಲಸ. ಸಂಜೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹಳೆಯದನ್ನು ನೆನೆಯುತ್ತಿದ್ದರು.

"ಆಗ ಪಿನ್ ಎಲ್ಲಿದ್ದುವು ಯವ್ವಾ? ವಾಯರ್ ತುದಿ ಹಲ್ಲಿಂದ ಸುಲಿಯೂದು, ಬೋರ್ಡಿನ ತೂತಿನಾಗ ತುರುಕೂದು, ಜಾರಬಾರದಂತ ಕಡ್ಡಿಪೆಟ್ಟಿಗಿ ಕಡ್ಡಿ ಚುಚ್ಚೂದು. ಹರದಲ್ಲಿ ಸೈಕಲ್ ಟ್ಯೂಬ್ ಸುತ್ತೂದು. ಏನ್ ಮಜಾ ಇತ್ತು!"

ಆ ಮಜಾ ಮುಗಿದದ್ದು ಕಾಗವಾಡದಲ್ಲಿ. ಅವರ ಜೀವದ ಗೆಳೆಯ, ಪಾರ್ಟಿಯ ಹಾಡುಗಾರ ಮಲಕಾರಿ, ಮಳೆ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕಿಗೆ ತುಟಿ ತಾಗಿಸಿದ. ಹಾಡು ಅರ್ಧಕ್ಕೇ ನಿಂತಿತು. ಜೀವವೇನೋ ಉಳಿಯಿತು, ತುಟಿಯ ಮೇಲೆ ಸುಟ್ಟ ಕಲೆಯೂ ಉಳಿಯಿತು. ಆಮೇಲೆ ಸಾಯುವವರೆಗೂ ಆತ ಮೈಕಿಗೆ ಕರವಸ್ತ್ರ ಸುತ್ತಿಯೇ ಹಾಡಿದ. ಜನ ಅದನ್ನು ಸ್ಟೈಲ್ ಅಂದುಕೊಂಡು ಸಿಳ್ಳೆ ಹಾಕುತ್ತಿದ್ದರಂತೆ.

ಮಾವ ಮರುದಿನವೇ ನಿಪ್ಪಾಣಿಗೆ ಹೋಗಿ ದಪ್ಪ ರಬ್ಬರಿನ ವೈರ್ ತಂದರು. ಅಂಗಡಿಯವ ಬಣ್ಣ ತೋರಿಸುತ್ತಿದ್ದರೆ ಇವರು ತುದಿ ಸುಲಿಸಿ ಒಳಗೆ ಮೂರು ಎಳೆ ಇವೆಯೋ ಇಲ್ಲವೋ ನೋಡಿದರಂತೆ. ಮೂರನೆಯ ಹಸಿರು ಎಳೆ ಅರ್ಥಿಂಗಿನದು. ಕರೆಂಟು ದಾರಿ ತಪ್ಪಿದರೆ ಹಾಡುವವರ ಮೈಯನ್ನು ಬಿಟ್ಟು ಅದರ ಮೂಲಕ ನೆಲಕ್ಕಿಳಿಯಬೇಕು. ನಡುವೆ ಒಂದೂ ಗಂಟಿಲ್ಲದ ಆ ಉದ್ದನೆಯ ವೈರನ್ನು ಅವರು ಯಾರಿಗೂ ಕತ್ತರಿಸಲು ಬಿಡಲಿಲ್ಲ. ಕಾರ್ಯಕ್ರಮದಲ್ಲಿ ಅದನ್ನು ಪೂರ್ತಿ ಬಿಚ್ಚಿ ಹಾಸುತ್ತಿದ್ದರು. "ಸುತ್ತಿಟ್ರ ಒಳಗ ಕಾದು ಸುಡ್ತೈತಿ" ಅನ್ನುತ್ತಿದ್ದರು. ಕೊನೆಗೆ ಟೆಸ್ಟರ್ ಹಿಡಿದು ನೋಡಿ, ಕೈಯ ಹಿಂಬದಿಯಿಂದ ಮೈಕ್ ಮುಟ್ಟುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಮುಷ್ಟಿ ಬಿಗಿದು ಬಿಡಲಿಕ್ಕೇ ಬರುವುದಿಲ್ಲವಂತೆ. ಅವರು ಮುಟ್ಟಿದ ಮೇಲೆಯೇ ಹಾಡುವವರ ಸರದಿ.

ದಸರೆಯಲ್ಲಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬ್ಯಾಂಜೋ, ಢೋಲಕಿ, ಕೀಬೋರ್ಡು ಎಲ್ಲಕ್ಕೂ ಅರಿಸಿನ ಕುಂಕುಮ. ಪೆಟ್ಟಿಗೆಯಲ್ಲಿಟ್ಟ ವೈರಿಗೆ ಮಾತ್ರ ಇಲ್ಲ. "ಪೂಜಿ ಪೆಟ್ಟಿಗಿಗೆ ಮಾಡ್ರಿ. ಒಳಗಿನ ದೇವರನ್ನ ಕೆಣಕಬ್ಯಾಡ್ರಿ" ಎಂದು ಬಾಗಿಲಲ್ಲೇ ಕಾವಲು ಕೂರುತ್ತಿದ್ದರು.

ಕಳೆದ ದಸರೆಯ ಹೊತ್ತಿಗೆ ಅವರ ಮೊಣಕಾಲು ಸೋತು, ಪಾರ್ಟಿಯ ವೈರಿನ ಕೆಲಸ ನನ್ನ ಗಂಡ ಶುಭಮನ ಕೈಗೆ ಬಂದಿತ್ತು. ವಿಜಯದಶಮಿಯ ಸಂಜೆ ಐಗಳಿಯಲ್ಲಿ ಕಾರ್ಯಕ್ರಮ. ನಮ್ಮ ಮಗಳು ಆರೋಹಿ ಮೊದಲ ಸಲ ಮೈಕ್ ಹಿಡಿಯುವವಳಿದ್ದಳು. ನನಗೆ ಊಟ ಸೇರಲಿಲ್ಲ. ಮಲಕಾರಿಯ ತುಟಿಯೇ ಕಣ್ಣ ಮುಂದೆ.

"ಅಪ್ಪ ಒಬ್ಬಾಂವ ಸಾಲದಂತ ನೀ ಒಬ್ಬಾಕಿ. ಇಬ್ರೂ ಕೂಡಿ ಅಂಜುಬುರಕರ ಸಂಘ ತಗೀರಿ" ಎಂದು ಶುಭಮ ನಕ್ಕ.

ಮಾವ ನಗಲಿಲ್ಲ. "ನಾನೂ ಬರ್ತೀನಿ. ನನ್ನ ಮೊಮ್ಮಗಳು ನನ್ನ ವಾಯರ್ ಮ್ಯಾಲೇ ಹಾಡಬೇಕು" ಅಂದರು.

ಐಗಳಿಯಲ್ಲಿ ಮಧ್ಯಾಹ್ನ ಮಳೆಯಾಗಿ ನೆಲ ಹಸಿಯಾಗಿತ್ತು. ಮಾವ ಪೆಟ್ಟಿಗೆ ತೆರೆದರು. ವೈರ್ ಎಂದಿಲ್ಲದಷ್ಟು ಸ್ವಚ್ಛವಾಗಿ ಮಿಂಚುತ್ತಿತ್ತು. ಅವರಿಗೆ ಅನುಮಾನ ಬಂದು ಒಂದು ತುದಿಯ ಪಿನ್ನಿನ, ಇನ್ನೊಂದು ತುದಿಯ ಬೋರ್ಡಿನ ಸ್ಕ್ರೂ ಬಿಚ್ಚಿದರೆ, ಒಳಗೆಲ್ಲ ಕೆಂಪು ರಾಡಿ.

ಮೊಮ್ಮಗಳ ಹಾಡು ಕೇಳಲು ನಮ್ಮ ಜೊತೆ ಬಂದಿದ್ದ ಅತ್ತೆ ದ್ರೌಪದಿ ಸೆರಗು ಬಾಯಿಗೆ ಹಿಡಿದರು. "ನಿನ್ನೆ ನೀವು ಮಲಗಿದ್ರಿ. ಕೂಸಿನ ಮೊದಲ ಹಾಡು, ಚಲೋ ಆಗ್ಲಿ ಅಂತ ತೊಳದು, ತೂತು ತೂತಿಗೆಲ್ಲ ಕುಂಕುಮ ಹಚ್ಚೀನ್ರಿ."

ಮಾವ ಬೈಯಲಿಲ್ಲ. "ನಿನ್ನ ಭಕ್ತಿ ಭಾಳ ಒಳಗ ಹೊಕ್ಕೈತಿ ನೋಡು" ಅಂದರು ಅಷ್ಟೇ.

ಶುಭಮ ತಾನು ತಂದ ಹೊಸ ವೈರ್ ಮುಂದೆ ಹಿಡಿದ. ಮಾವ ಅದರ ಪಿನ್ನನ್ನೂ ಬಿಚ್ಚಿದರು. "ಹಲ್ಲು ಮೂರು, ಎಳಿ ಎರಡs. ಮ್ಯಾಲೆ ಜರಿ ಪಟಗಾ, ಒಳಗ ಬೋಳ ತಲಿ!"

ಕಾರ್ಯಕ್ರಮ ಇಟ್ಟುಕೊಂಡಿದ್ದ ಬಾಳಾಸಾಬ ಗದ್ದಲ ಎಬ್ಬಿಸಿದ. "ಭರಮಣ್ಣಾ, ಮಂದಿ ಬಂದು ಕುಂತಾರ. ಚಾಲೂ ಮಾಡೋ ಮಾರಾಯಾ. ಒಂದು ಹಾಡಿಗೆ ಏನಾಗ್ತೈತಿ?"

"ಮಲಕಾರಿಗೆ ಆಗಿದ್ದೂ ಒಂದs ಹಾಡಿನಾಗ, ಬಾಳಾಸಾಬ."

ನಾನು ಆರೋಹಿಯ ಕೈ ಬಿಗಿಯಾಗಿ ಹಿಡಿದು ನಿಂತಿದ್ದೆ. ಮಾವ ಒಂದು ಸಲ ನಮ್ಮ ಕಡೆ ನೋಡಿದರು. ಆಮೇಲೆ ಇಕ್ಕಳದಂಥ ಪಕ್ಕಡ್ ತೆಗೆದುಕೊಂಡು, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ತಮ್ಮ ವೈರಿನ ಎರಡೂ ತುದಿಗಳನ್ನು, ಒಣ ಭಾಗ ಕಾಣುವವರೆಗೆ ಕತ್ತರಿಸಿ ಹಾಕಿದರು. ಹೊಸ ಪಿನ್ನು, ಹೊಸ ಬೋರ್ಡು ತರಲು ಶುಭಮ ಪೇಟೆಗೆ ಓಡಿದ.

"ಅಲ್ಲೀತನ ಬರೇ ಬಾಯಿಲೆ ಹಾಡವಾ" ಎಂದು ಮಾವ ಆರೋಹಿಗೆ ಹೇಳಿದರು. "ನಾವು ಸಣ್ಣಾವ್ರಿದ್ದಾಗ ಹಂಗs ಕೇಳ್ತಿದ್ವಿ."

ಅವಳು ಹಾಡಿದಳು. ಹಿಂದಿನವರಿಗೆ ಕೇಳಿಸಲಿಲ್ಲ. ಅವರು ಚಾಪೆ ಎತ್ತಿಕೊಂಡು ಮುಂದೆ ಬಂದರು, ಮುಂದಿನವರು ಒತ್ತಿ ಜಾಗ ಕೊಟ್ಟರು. ಶುಭಮ ತಂದ ಪಿನ್ನಿಗೆ ಎಳೆ ಸೇರಿಸುತ್ತ ಕೂತ ಮಾವನ ಕೈ ನಡುವೆ ಒಮ್ಮೆ ನಿಂತಿತು. "ಮಲಕಾರಿ ಹಿಂಗs ರಾಗ ಎಳೀತಿದ್ದ" ಅಂದರು, ತಮಗೆ ತಾವೇ.

ಮೂರೂ ಎಳೆ ಸೇರಿದವು. ಟೆಸ್ಟರ್ ಹಿಡಿದು ನೋಡಿದರು, ಕೈಯ ಹಿಂಬದಿಯಿಂದ ಮೈಕ್ ಮುಟ್ಟಿದರು. ಆಮೇಲೆ ಅದನ್ನು ಮಗುವಿಗೆ ಕೊಡದೆ ನನ್ನ ಮುಂದೆ ಹಿಡಿದರು.

"ನೀನೂ ಒಮ್ಮಿ ನೋಡವಾ. ಇಲ್ಲಾಂದ್ರ ನಿನಗ ನಿದ್ದಿ ಹತ್ತೂದಿಲ್ಲ."

ನಾನು ಅಂಜುತ್ತಲೇ ಕೈ ತಿರುಗಿಸಿ ಮುಟ್ಟಿದೆ. ತಣ್ಣಗಿನ ಕಬ್ಬಿಣ, ಮತ್ತೇನೂ ಇಲ್ಲ.

"ಮುಗೀತೇನ್ ನಿಮ್ಮಿಬ್ಬರದೂ?" ಎಂದು ಆರೋಹಿ ಮೈಕ್ ಕಸಿದುಕೊಂಡಳು.