ಕೆಂಪು ಫ್ಲಾಸ್ಕಿನ ಟೀ

ಹಿಮ ಬಿದ್ದ ಬೆಳಿಗ್ಗೆ ವಾಟಿ ಲೇಡ್ಲಾ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಒಲೆಯ ಮೇಲಿನ ಓಟ್ಸ್ ಗಂಜಿ ತಳ ಹಿಡಿಯಲಿ, ಕುರಿಗಳು ಮೇವಿಗಾಗಿ ಅರಚಿ ಅರಚಿ ಸಾಯಲಿ, ಅವನ ಕಣ್ಣೆಲ್ಲ ಎದುರು ಗುಡ್ಡದ ಮಿಸ್ ಕ್ರೇಗಿಯ ಗೇಟಿನ ಮೇಲೆ. ಆ ಗೇಟಿನ ಕಂಬದಲ್ಲಿ ಕೆಂಪು ಫ್ಲಾಸ್ಕು ನೇತಾಡುವುದು ಕಂಡಿತೋ, ಮುಗಿಯಿತು. ಆವತ್ತೆಲ್ಲ ಅವನನ್ನು ಮಾತಾಡಿಸುವ ಹಾಗಿರಲಿಲ್ಲ.

"ಅಗೋ, ನೇತುಹಾಕಿದ್ರು ನೋಡು!" ಎನ್ನುತ್ತಿದ್ದ.

"ಫ್ಲಾಸ್ಕು ತಾನೆ? ನಿನ್ನ ತಲೆ ಏನಲ್ವಲ್ಲ," ಎನ್ನುತ್ತಿದ್ದಳು ಹೆಂಡತಿ ನೆಟ್ಟಾ. "ಬಾ, ಗಂಜಿ ತಣ್ಣಗಾಗುತ್ತೆ."

ನೆಟ್ಟಾಳಿಗೇನು ಗೊತ್ತು ಗಂಡಸಿನ ಹೊಟ್ಟೆ ಉರಿ! ಹತ್ತೊಂಬತ್ತು ಚಳಿಗಾಲ ಆ ಫ್ಲಾಸ್ಕು ವಾಟಿಯದಾಗಿತ್ತು.

ದಕ್ಷಿಣ ಸ್ಕಾಟ್ಲೆಂಡಿನ ಈ ಗುಡ್ಡಗಳಲ್ಲಿ ಹಿಮ ಬಿದ್ದರೆ, ಅದನ್ನು ಕರಗಿಸುವ ಕೌನ್ಸಿಲಿನ ಉಪ್ಪಿನ ಲಾರಿಗಳು ಮೊದಲು ಓಡುವುದು ಹೆದ್ದಾರಿಗೆ. ಆಮೇಲೆ ಬಸ್ಸಿನ ರಸ್ತೆ, ಆಮೇಲೆ ಶಾಲೆ, ಡಾಕ್ಟರು. ನಮ್ಮ ಕೆಲ್‌ಹೋಪಿನ ಸರದಿ ಬರುವಷ್ಟರಲ್ಲಿ ಹಿಮಕ್ಕೇ ಬೇಜಾರಾಗಿ ಕರಗಿ ಹೋಗಿರುತ್ತದೆ. ಅದಕ್ಕೇ ಕೌನ್ಸಿಲಿನವರು ಊರಿನ ಒಬ್ಬ ರೈತನನ್ನು ಗೊತ್ತು ಮಾಡುತ್ತಾರೆ; ಹತ್ತೊಂಬತ್ತು ವರ್ಷ ಅದು ವಾಟಿ. ಟ್ರಾಕ್ಟರು ಅವನದು. ಮುಂದೆ ಹಿಮ ತಳ್ಳುವ ಕಿತ್ತಳೆ ಬಣ್ಣದ ಕಬ್ಬಿಣದ ಹಲಗೆ, ಹಿಂದೆ ಉಪ್ಪು ಉದುರಿಸುವ ಡ್ರಮ್ಮು, ಇವೆರಡು ಕೌನ್ಸಿಲಿನವು. ಕಾಲುದಾರಿಗಳಿಗೆ ಅದೂ ಇಲ್ಲ. ಚರ್ಚಿನ ಏರಿನ ಬುಡದಲ್ಲಿ ಒಂದು ಹಳದಿ ಉಪ್ಪಿನ ಪೆಟ್ಟಿಗೆ ಇಟ್ಟಿದ್ದಾರೆ, ಕೈಯಲ್ಲಿ ಸಲಿಕೆ ಇದ್ದವರು ಎರಚಿಕೊಳ್ಳಬೇಕು. ನಮ್ಮಲ್ಲಿ ಆ ಕೆಲಸ ನೆಟ್ಟಾಳದು.

ಹಲಗೆ ಹಿಡಿದವನಿಗೆ ಕೌನ್ಸಿಲು ಕೊಡುವ ಕೂಲಿ ಡೀಸೆಲ್ಲಿಗೇ ಸರಿಹೋಗುತ್ತದೆ. ಅಸಲು ಕೂಲಿ ಗೇಟುಗಳಲ್ಲಿರುತ್ತದೆ. ಬೆಳಕು ಹರಿಯುವ ಮುಂಚೆ ದಾರಿ ಬಿಡಿಸಿಕೊಂಡು ಬರುವವನಿಗೆಂದು ಪ್ರತಿ ಮನೆಯವರೂ ಗೇಟಿನ ಕಂಬಕ್ಕೆ ಏನಾದರೂ ನೇತುಹಾಕುವುದು ಇಲ್ಲಿನ ವಾಡಿಕೆ. ಒಬ್ಬರದು ಬೆಣ್ಣೆ ಬಿಸ್ಕತ್ತು, ಒಬ್ಬರದು ಬಿಸಿ ಪೈ. ಮಿಸ್ ಕ್ರೇಗಿಯದು ಕೆಂಪು ಫ್ಲಾಸ್ಕು. ವಾಟಿಗೆ ಅಕ್ಷರ ಕಲಿಸಿದ ಟೀಚರ್ ಆಕೆ. ಈಗ ಎಂಬತ್ತು ದಾಟಿದೆ, ಒಂಟಿ, ಎರಡೂ ಕಣ್ಣಿಗೆ ಪೊರೆ. ಅವರ ಕೈಯ ಟೀ ಅಂದರೆ ಮೂರು ಚಮಚ ಸಕ್ಕರೆ, ಬಾಯಿಗಿಟ್ಟರೆ ಹಲ್ಲು ಜುಮ್ ಅನ್ನಬೇಕು. ಅದು ವಾಟಿಯ ಅಳತೆ. ಮೂರನೇ ಕ್ಲಾಸಿನಿಂದಲೂ ಅವನು ಸಿಹಿಗೆ ಜೊಲ್ಲು ಸುರಿಸುವವನು ಎಂದು ಅವರಿಗೆ ಗೊತ್ತು.

ಈ ಶರತ್ಕಾಲದಲ್ಲಿ ಕೌನ್ಸಿಲಿನವನೊಬ್ಬ ಬಂದು ವಾಟಿಯ ಟ್ರಾಕ್ಟರಿನ ಸುತ್ತ ಒಂದು ಸುತ್ತು ಹಾಕಿದ. "ಮಿಸ್ಟರ್ ಲೇಡ್ಲಾ, ಇದಕ್ಕೆ ಒಂದೇ ದೀಪ ಉರೀತಾ ಇದೆ. ಎರಡೂ ಇರಬೇಕು, ಈಗ ಹೊಸ ನಿಯಮ," ಅಂದ.

"ಹತ್ತೊಂಬತ್ತು ವರ್ಷದಿಂದ ಒಂದರಲ್ಲೇ ಹೊಡೀತಿದ್ದೀನಿ. ರಸ್ತೆ ಎಲ್ಲಿದೆ ಅಂತ ನಂಗೆ ಗೊತ್ತು, ದೀಪಕ್ಕೆ ಗೊತ್ತಿರಬೇಕಾಗಿಲ್ಲ," ಅಂದ ವಾಟಿ.

ಒಂದು ದೀಪ ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಹಾಕಿಸಲಿಲ್ಲ, ಅಷ್ಟೇ. ಜಂಬ. ಮುಂದಿನ ವಾರವೇ ಕಿತ್ತಳೆ ಹಲಗೆ ಪಕ್ಕದ ಜಮೀನಿನ ಇಶ್ಬೆಲ್ ಪ್ರಿಂಗಲ್ ಮನೆಯ ಅಂಗಳ ಸೇರಿತು. ಇಶ್ಬೆಲ್‌ಗೆ ಇನ್ನೂ ಮೂವತ್ತು ದಾಟಿಲ್ಲ. ಟ್ರಾಕ್ಟರು ಹೊಸದು, ಅದರ ತಲೆಯ ತುಂಬ ದೀಪ.

"ಅದೇನು ಟ್ರಾಕ್ಟರೋ, ಮದುವೆ ಮಂಟಪವೋ," ಎಂದು ವಾಟಿ ಊರೆಲ್ಲ ಆಡಿಕೊಂಡು ತಿರುಗಿದ. ಅವಳು ಬಿಡಿಸಿದ ದಾರಿಯ ಅಂಚು ಸೊಟ್ಟ ಅಂದ. ಉಪ್ಪು ಹಾಕುವುದು ಜಾಸ್ತಿ ಅಂದ, ಮಾರನೆ ದಿನ ಕಮ್ಮಿ ಅಂದ. ಕುಣಿಯಲಾರದವರಿಗೆ ನೆಲ ಡೊಂಕಂತೆ, ಇವನಿಗೆ ಪಕ್ಕದವಳು ಕುಣಿದ ನೆಲವೂ ಡೊಂಕು! ಪಾಪದ ಹುಡುಗಿ ಎದುರು ಸಿಕ್ಕಿ "ವಾಟಿ ಅಂಕಲ್, ಸೇತುವೆ ಹತ್ರ ಹಿಮ ಯಾವ ಕಡೆ ತಳ್ತಿದ್ರಿ?" ಎಂದು ಕೇಳಿದರೆ, "ನಿನ್ನ ದೀಪಗಳನ್ನೇ ಕೇಳಮ್ಮ," ಎಂದು ಮುಖ ತಿರುಗಿಸಿ ಹೋದ.

ಇಷ್ಟೆಲ್ಲ ಸಹಿಸಿದ್ದನೇನೋ. ಆದರೆ ಅವಳ ಟ್ರಾಕ್ಟರು ಮಿಸ್ ಕ್ರೇಗಿಯ ಗೇಟಿನಲ್ಲಿ ನಿಂತು, ಅವಳ ಕೈ ಕೆಂಪು ಫ್ಲಾಸ್ಕಿಗೆ ಹೋಗುವುದನ್ನು ನೋಡಿದಾಗಲೆಲ್ಲ ಅವನ ಎದೆಯಲ್ಲಿ ಯಾರೋ ಉಪ್ಪು ಎರಚಿದ ಹಾಗಾಗುತ್ತಿತ್ತು.

ಜನವರಿಯಲ್ಲಿ ಮಿಸ್ ಕ್ರೇಗಿಯ ಕಣ್ಣಿನ ಆಪರೇಷನ್ನು ಗೊತ್ತಾಯಿತು. ವರ್ಷದ ಮೇಲೆ ಕಾದಿದ್ದರು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಾರು ಬಂದು ಕರೆದುಕೊಂಡು ಹೋಗುತ್ತದೆ, ತಪ್ಪಿದರೆ ಮತ್ತೆ ಸಾಲಿನ ಕೊನೆ. ಭಾನುವಾರ ಸಂಜೆಯಿಂದಲೇ ಹಿಮ ಸುರಿಯತೊಡಗಿತು. "ದಾರಿ ಬಿಡಿಸ್ತಾರೆ ಬಿಡು, ನನಗೇನು ಯೋಚನೆ ಇಲ್ಲ," ಎಂದು ಅವರು ಚರ್ಚಿನಲ್ಲಿ ಯಾರಿಗೋ ಹೇಳಿದ್ದು ವಾಟಿಯ ಕಿವಿಗೆ ಬಿತ್ತು. ಬಿಡಿಸ್ತಾರಂತೆ! ಯಾರು? ಅವಳು. ನನ್ನ ಟೀಚರ್ ಕಣ್ಣು ಬಿಡಿಸಿಕೊಂಡು ಬಂದರೆ ಅದರ ಪುಣ್ಯವೂ ಅವಳಿಗೆ!

ಸೋಮವಾರ ನಸುಕಿಗೇ ಎದ್ದ. ಕೌನ್ಸಿಲಿನ ಹಲಗೆ ಇಲ್ಲದಿದ್ದರೇನು, ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಕಬ್ಬಿಣದ ಹಲಗೆ ಇತ್ತು. ಅದನ್ನೇ ಟ್ರಾಕ್ಟರಿಗೆ ಕಟ್ಟಿಕೊಂಡು ಹೊರಟ. ಇಶ್ಬೆಲ್ ಏಳುವ ಮುಂಚೆ ದಾರಿ ಬಿಡಿಸಿಬಿಟ್ಟರೆ ಊರು ಬಾಯಿ ಮುಚ್ಚಿಕೊಳ್ಳುತ್ತದೆ ಎಂಬ ಲೆಕ್ಕ. ಚರ್ಚಿನ ಏರು ಹತ್ತಿ, ತಿರುವು ದಾಟಿ, ಮಿಸ್ ಕ್ರೇಗಿಯ ಗೇಟಿಗೆ ಬಂದ. ಕಂಬದಲ್ಲಿ ಆಗಲೇ ಕೆಂಪು ಫ್ಲಾಸ್ಕು!

'ಓಹೋ, ಅವಳಿಗಾಗಿ ಇಷ್ಟು ಬೇಗ ಎದ್ದು ಕಾಯಿಸಿದ್ದಾರೆ' ಅಂದುಕೊಂಡ. ಆಚೆ ಈಚೆ ನೋಡಿ, ಮುಚ್ಚಳ ತಿರುಗಿಸಿ, ಗಟಗಟ ಕುಡಿದ. ಕುಡಿದವನು ಹಾಗೇ ನಿಂತ. ಮೂರು ಚಮಚ ಸಕ್ಕರೆ! ಅದೇ ಅಳತೆ, ಅದೇ ಜುಮ್. 'ನನ್ನ ಟೀಯನ್ನೂ ಅವಳಿಗೆ ಕೊಟ್ಟುಬಿಟ್ರಾ? ಬೇರೆ ಏನಾದರೂ ಮಾಡಿಕೊಡಬಾರದಿತ್ತಾ?' ಕದ್ದು ಕುಡಿದ ಟೀ ಅವನಿಗೆ ಕಷಾಯವಾಯಿತು. ಕೊನೆಯ ಹನಿಯವರೆಗೂ ಕುಡಿದು ಖಾಲಿ ಫ್ಲಾಸ್ಕನ್ನು ಮತ್ತೆ ಕಂಬಕ್ಕೆ ಸಿಕ್ಕಿಸಿದ.

ಆ ಸಿಟ್ಟಿನಲ್ಲೇ ಇಳಿಯುವಾಗ ಏರನ್ನು ಇನ್ನೊಂದು ಸಲ ಕೆರೆದ. ಮತ್ತೊಂದು ಸಲವೂ ಕೆರೆದ. ಹಿಮದ ಒಂದು ಚೂರೂ ಉಳಿಯಬಾರದು, ಅಂಚು ದಾರ ಹಿಡಿದ ಹಾಗೆ ನೆಟ್ಟಗಿರಬೇಕು, ನೋಡಿ ಕಲಿಯಲಿ ಅವಳು! ಹೀಗೆ ಕೆರೆದ ನೆಲಕ್ಕೆ ಕೂಡಲೇ ಉಪ್ಪು ಬೀಳದಿದ್ದರೆ ಅಳಿದುಳಿದ ತೆಳು ಪದರ ಗಾಜಾಗಿ ಗಟ್ಟಿಯಾಗುತ್ತದೆ. ಹಲಗೆಯ ಹಿಂದೆಯೇ ಉಪ್ಪಿನ ಡ್ರಮ್ಮು ಇರುವುದು ಅದಕ್ಕೇ. ಹತ್ತೊಂಬತ್ತು ವರ್ಷ ಎರಡನ್ನೂ ಎಳೆದವನಿಗೆ ಇದು ಮರೆಯಬಹುದೇ? ಮರೆತಿತ್ತು. ಹೊಟ್ಟೆ ಉರಿಯುವವನಿಗೆ ಕಾಲ ಕೆಳಗಿನ ನೆಲ ಕಾಣುವುದಿಲ್ಲ.

ಬೆಳಕು ಹರಿದಾಗ ನೆಟ್ಟಾ ಹಳದಿ ಪೆಟ್ಟಿಗೆಯಿಂದ ಉಪ್ಪು ತೆಗೆದು ಕಾಲುದಾರಿಗೆ ಎರಚುತ್ತಿದ್ದಳು. ಆಸ್ಪತ್ರೆಯ ಕಾರು ಬಂತು. ಏರಿನ ಅರ್ಧಕ್ಕೆ ಹೋಯಿತು, ಚಕ್ರ ಗರಗರ ತಿರುಗಿತು, ಹಾಗೇ ಹಿಂದಕ್ಕೆ ಜಾರಿ ಬಂದು ಚರ್ಚಿನ ಗೋಡೆಗೆ ಒರಗಿತು. ಎರಡನೇ ಸಲವೂ ಅದೇ ಕತೆ. "ನನ್ನ ಕೈಲಾಗಲ್ಲಮ್ಮ, ಇದು ರಸ್ತೆಯಲ್ಲ, ಕನ್ನಡಿ," ಅಂದ ಡ್ರೈವರು. ನೆಟ್ಟಾ ಬಗ್ಗಿ ನೋಡಿದಳು. ರಸ್ತೆಯಂಚಿನ ಹಿಮಕ್ಕೆ ಉದ್ದಕ್ಕೂ ಸಗಣಿಯ ಗೆರೆ. ಅವಳಿಗೆ ಇನ್ನೇನೂ ಕೇಳಬೇಕಾಗಲಿಲ್ಲ.

ಅಷ್ಟರಲ್ಲಿ ಇಶ್ಬೆಲ್ ಬಂದಳು. ಅವಳೂ ಗೆರೆ ನೋಡಿದಳು, ನೆಟ್ಟಾಳ ಮುಖ ನೋಡಿದಳು. "ಬೆಳಗಿನ ಜಾವ ಮಂಜು ಹೆಪ್ಪುಗಟ್ಟಿದೆ ಸಾರ್, ಯಾರೇನು ಮಾಡೋಕಾಗುತ್ತೆ," ಎಂದು ಡ್ರೈವರಿಗೆ ಹೇಳಿ, ಉಪ್ಪು ಸುರಿಯುತ್ತ ಸುರಿಯುತ್ತ, ಒಂದೊಂದೇ ಮಾರು, ಟ್ರಾಕ್ಟರನ್ನು ಏರಿಸಿದಳು. ಉಪ್ಪು ಹಿಡಿಯುವವರೆಗೆ ಕಾದರೆ ಆಸ್ಪತ್ರೆಯ ಹೊತ್ತು ಮೀರುತ್ತಿತ್ತು. ಮಿಸ್ ಕ್ರೇಗಿಯನ್ನು ಎತ್ತಿ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಕಂಬಳಿ ಹೊದಿಸಿ, ಇಳಿಸಿಕೊಂಡು ಬಂದು ಕಾರಿಗೆ ಹತ್ತಿಸಿದಳು.

ಇದನ್ನೆಲ್ಲ ವಾಟಿ ಕಿಟಕಿಯಿಂದ ನೋಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವನ ಟ್ರಾಕ್ಟರನ್ನು ಮಿಸ್ ಕ್ರೇಗಿ ಒಮ್ಮೆಯೂ ಹತ್ತಿರಲಿಲ್ಲ. ಇವಳದನ್ನು ಹತ್ತಿದರು!

ನೆಟ್ಟಾ ಬಂದವಳೇ ಸಲಿಕೆಯನ್ನು ಮೂಲೆಗೆ ಎಸೆದಳು. "ಸಗಣಿ ಹಲಗೆ ತಗೊಂಡು ಹೋಗಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಆ ಮುದುಕಿ ಕಣ್ಣು ಹೋಗ್ತಿತ್ತು! ಆ ಹುಡುಗಿ ನಿನ್ನ ಹೆಸರು ಎತ್ತಲಿಲ್ಲ, ಮಂಜು ಅಂತ ಸುಳ್ಳು ಹೇಳಿ ನಿನ್ನ ಮಾನ ಉಳಿಸಿದ್ಲು."

ವಾಟಿಗೆ ನಾಚಿಕೆಯೂ ಆಯಿತು. ಅದಕ್ಕಿಂತ ಮೊದಲು, ನಿಜ ಹೇಳಬೇಕಲ್ಲ, ಹೊಟ್ಟೆ ಇನ್ನೊಂದು ಸಲ ಭಗ್ ಅಂದಿತು. ದೊಡ್ಡ ಮನಸ್ಸು ಮಾಡುವ ಅವಕಾಶವೂ ಅವಳಿಗೇ ಸಿಕ್ಕಿತಲ್ಲ!

ವಾರದ ನಂತರ ನೆಟ್ಟಾ ಅವನನ್ನು ಮಿಸ್ ಕ್ರೇಗಿಯ ಮನೆಗೆ ದಬ್ಬಿ ಕಳಿಸಿದಳು. ಆಕೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೆಂಕಿಯ ಮುಂದೆ ಕೂತಿದ್ದರು. ವಾಟಿ ಟೋಪಿ ಹಿಸುಕುತ್ತ ನಿಂತ.

"ಮಿಸ್, ಆವತ್ತು ರಸ್ತೆ... ಅದು ನಾನೇ."

"ಗೊತ್ತು ಕಣೋ."

"ಇಶ್ಬೆಲ್ ಹೇಳಿದ್ಲಾ?"

"ಅವಳ್ಯಾಕೆ ಹೇಳ್ತಾಳೆ? ನನಗೆ ಪೊರೆ ಬಂದಿತ್ತು, ಕುರುಡಾಗಿರಲಿಲ್ಲ. ನಸುಕಲ್ಲಿ ಒಂದೇ ದೀಪದ ಟ್ರಾಕ್ಟರು ನಿಮ್ಮ ಅಂಗಳದಿಂದ ಹೊರಟಿದ್ದು ಕಂಡೆ. ಈ ಕಣಿವೆಯಲ್ಲಿ ಒಂಟಿ ದೀಪ ಇನ್ಯಾರದು? ನಮ್ಮ ವಾಟಿ ಬರ್ತಿದ್ದಾನೆ ಅಂತ ಎದ್ದು ಟೀ ಕಾಯಿಸಿ ನೇತುಹಾಕಿದೆ. ಗೋಡೆ ಹಿಡ್ಕೊಂಡೇ ಗೇಟಿನವರೆಗೂ ಹೋದೆ. ಯಾಕೋ, ಕುಡೀಲಿಲ್ವಾ?"

ವಾಟಿ ಟೋಪಿಯನ್ನು ಇನ್ನಷ್ಟು ಹಿಸುಕಿದ. "ಅದು... ಇಶ್ಬೆಲ್‌ದು ಅಂದ್ಕೊಂಡಿದ್ದೆ. ಮೂರು ಚಮಚ ಸಕ್ಕರೆ ಇತ್ತಲ್ಲ, ನನ್ನದನ್ನೇ ಅವಳಿಗೂ..."

"ಅವಳು ಟೀ ಮುಟ್ಟೋದೇ ಇಲ್ಲ ಕಣೋ ದಡ್ಡ. ಅವಳಿಗೆ ಕರಿ ಕಾಫಿ. ಸಕ್ಕರೆ ಹಾಕಿದ್ರೆ ಚೆಲ್ತಾಳೆ." ಮಿಸ್ ಕ್ರೇಗಿ ಪಟ್ಟಿಯಿಲ್ಲದ ಕಣ್ಣನ್ನು ಅವನತ್ತ ತಿರುಗಿಸಿದರು. "ನಿನ್ನ ಟೀ ನೀನೇ ಕದ್ದು ಕುಡಿದ್ಯಾ?"

ವಾಟಿ ಲೇಡ್ಲಾ, ಐವತ್ತೆಂಟರ ಗಂಡಸು, ಆ ಬೆಂಕಿಯ ಮುಂದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮಿಸ್ ಕ್ರೇಗಿ ಅವನನ್ನು ಅಳಲು ಬಿಟ್ಟರು. ಆಮೇಲೆ ಎದ್ದು ಟೀಗೆ ನೀರಿಟ್ಟರು.

ಫೆಬ್ರವರಿಯ ಮೊದಲ ಹಿಮಕ್ಕೆ ವಾಟಿಯ ಗೇಟಿನ ಕಂಬದಲ್ಲಿ ಒಂದು ನೀಲಿ ಫ್ಲಾಸ್ಕು ನೇತಾಡಿತು. ಹತ್ತೊಂಬತ್ತು ವರ್ಷ ಇನ್ನೊಬ್ಬರ ಕಂಬದಿಂದ ಇಳಿಸಿಕೊಂಡೇ ಕುಡಿದವನು, ತನ್ನ ಕಂಬಕ್ಕೆ ಕಟ್ಟಿದ್ದು ಅದೇ ಮೊದಲು. ಕರಿ ಕಾಫಿ, ಸಕ್ಕರೆ ಇಲ್ಲ. ಕಟ್ಟಿ ಬಂದು ಪರದೆಯ ಹಿಂದೆ ಕಳ್ಳನ ಹಾಗೆ ನಿಂತ. ದೀಪಗಳೆಲ್ಲ ಉರಿಸಿಕೊಂಡು ಟ್ರಾಕ್ಟರು ಬಂತು, ನಿಂತಿತು. ಇಶ್ಬೆಲ್ ಮುಚ್ಚಳ ತೆಗೆದು ಮೊದಲು ಮೂಸಿ ನೋಡಿದಳು. ಆಮೇಲೆ ಕುಡಿದಳು. ಫ್ಲಾಸ್ಕನ್ನು ಕಂಬಕ್ಕೆ ಸಿಕ್ಕಿಸಿ, ಕಿಟಕಿಯ ಕಡೆ ಕೈಯೆತ್ತಿ, "ಸೇತುವೆ ಹತ್ರ ಯಾವ ಕಡೆ ತಳ್ಳಲಿ, ವಾಟಿ ಅಂಕಲ್?" ಎಂದು ಕೂಗಿದಳು.

ವಾಟಿ ಕಿಟಕಿ ತೆಗೆದ. "ಹೊಳೆ ಕಡೆಗಮ್ಮ! ಗುಡ್ಡದ ಕಡೆ ತಳ್ಳಿದ್ರೆ ಗಾಳಿ ವಾಪಸ್ ತಂದು ಸುರಿಯುತ್ತೆ!"

ಟ್ರಾಕ್ಟರು ಮುಂದೆ ಹೋಯಿತು. ಅದು ಬಿಡಿಸಿಟ್ಟು ಹೋದ ದಾರಿಯನ್ನು ವಾಟಿ ತುಂಬ ಹೊತ್ತು ನೋಡಿದ.

"ಅಂಚು ಸ್ವಲ್ಪ ಸೊಟ್ಟನೇ," ಅಂದ.

ನೆಟ್ಟಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ತಲೆಗೆ ಎಸೆದಳು.